ವಲಸೆ ಕಾರ್ಮಿಕರ ನೇಮಕಾತಿ: ವೆಚ್ಚವನ್ನು ಭರಿಸಬೇಕಾದವರು ಯಾರು?

ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಸಣ್ಣ ಕೈಗಾರಿಕೆಗಳಿಗೂ ಹೋಟೆಲು ಮತ್ತು ಕಟ್ಟಡ ನಿರ್ಮಾಣದ ವ್ಯವಹಾರಗಳಿಗೂ ಇಂದು ಬಂಡವಾಳಕ್ಕಿಂತ ಕೆಲಸಗಾರರ ಅಭಾವವೇ ದೊಡ್ಡ ಚಿಂತೆಯಾಗಿದೆ. ಬಿಹಾರ, ಒಡಿಶಾ, ಜಾರ್ಖಂಡ್, ಅಸ್ಸಾಂ ಮತ್ತು ಪಶ್ಚಿಮ ಬಂಗಾಳದಿಂದ ಬಂದವರು ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತಿದ್ದಾರೆ. ಇವರು ಪರದೇಶದವರಲ್ಲ. ಆದರೂ ಭಾಷೆ ತಿಳಿಯದ, ಪರಿಚಯಸ್ಥರಿಲ್ಲದ ಊರಿನಲ್ಲಿ ಇವರ ಪಾಡು ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದ ನಮ್ಮ ಕರಾವಳಿಯವರ ಪಾಡಿಗಿಂತ ಹೆಚ್ಚು ಭಿನ್ನವೇನಲ್ಲ.

2020ರ ಮೇ 5ರಂದು, ಮುಖ್ಯಮಂತ್ರಿಗಳು ಕಟ್ಟಡ ನಿರ್ಮಾಪಕರೊಡನೆ ಸಮಾಲೋಚಿಸಿದ ದಿನವೇ, ರಾಜ್ಯ ಸರ್ಕಾರವು ಶ್ರಮಿಕ್ ರೈಲುಗಳಿಗಾಗಿ ಸಲ್ಲಿಸಿದ್ದ ಕೋರಿಕೆಯನ್ನು ಹಿಂತೆಗೆದುಕೊಂಡಿತು. ತೀವ್ರ ಟೀಕೆಯ ನಂತರ ಕೆಲವೇ ದಿನಗಳಲ್ಲಿ ರೈಲುಗಳು ಮತ್ತೆ ಹೊರಟವು. ತಡೆದು ನಿಲ್ಲಿಸಿಕೊಂಡರೆ ಕಾರ್ಮಿಕರು ಉಳಿಯುವರೆಂಬ ಎಣಿಕೆ ಎಷ್ಟು ತಪ್ಪೆಂಬುದು ಆಗಲೇ ತಿಳಿಯಬೇಕಿತ್ತು.

ಮೂಲ ದೋಷವಿರುವುದು ನೇಮಕಾತಿಯ ಕ್ರಮದಲ್ಲಿ. ಊರಿನಲ್ಲಿ ಮೇಸ್ತ್ರಿ ಮುಂಗಡ ಕೊಡುತ್ತಾನೆ. ರೈಲು ಚಾರ್ಜು ಮತ್ತು ತನ್ನ ಕಮಿಷನ್ನು ಸೇರಿಸಿ ಕೂಲಿಯಲ್ಲಿ ಮುರಿದುಕೊಳ್ಳುತ್ತಾನೆ. ಸಾಲ ತೀರುವವರೆಗೆ ಕಾರ್ಮಿಕನು ಬಿಟ್ಟುಹೋಗುವಂತಿಲ್ಲ. ಇದು 1976ರ ಜೀತ ಪದ್ಧತಿ ನಿರ್ಮೂಲನ ಕಾಯಿದೆಯ ವ್ಯಾಪ್ತಿಗೆ ಬರುವ ಸಂಗತಿಯೆಂದು ಅನೇಕ ಉದ್ಯಮಿಗಳಿಗೆ ಹೊಳೆದಿಲ್ಲ.

ಲೆಕ್ಕದ ದೃಷ್ಟಿಯಿಂದಲೂ ಇದು ಅಗ್ಗವಲ್ಲ. ಹೋಟೆಲೊಂದಕ್ಕೆ ಹತ್ತು ಮಂದಿಯನ್ನು ಒದಗಿಸುವ ಗುತ್ತಿಗೆದಾರನ ಮಾಸಿಕ ಬಿಲ್ಲು 2,00,000 ರೂ. ಎಂದಿಟ್ಟುಕೊಳ್ಳೋಣ. ಅದರ ಮೇಲೆ ಶೇ. 18ರ ಜಿ.ಎಸ್.ಟಿ. 36,000 ರೂ., ವರ್ಷಕ್ಕೆ 4,32,000 ರೂ. ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ಹೋಟೆಲಿಗೆ ಇದರ ಇನ್‌ಪುಟ್ ಕ್ರೆಡಿಟ್ ದೊರೆಯದು. ರಾಜಿ ತೆರಿಗೆ ಯೋಜನೆಯಲ್ಲಿರುವ ವರ್ತಕನಿಗೂ ದೊರೆಯದು. ನೇರವಾಗಿ ನೇಮಿಸಿಕೊಂಡವರ ಸಂಬಳಕ್ಕೆ ಜಿ.ಎಸ್.ಟಿ. ಇಲ್ಲ. ಹೀಗೆ ಉಳಿಯುವ ಹಣದಲ್ಲಿ ಹತ್ತು ಮಂದಿಗೂ ಹೋಗಿ ಬರುವ ರೈಲು ಚಾರ್ಜು ಕೊಟ್ಟ ಮೇಲೂ ವಸತಿಗೆ ಒಂದಿಷ್ಟು ಮಿಗುತ್ತದೆ. ಕ್ರೆಡಿಟ್ ಪಡೆಯುವ ತಯಾರಕನಿಗೆ ಈ ಲಾಭವಿಲ್ಲ, ನಿಜ. ಆದರೆ ಗುತ್ತಿಗೆದಾರನು ಭವಿಷ್ಯನಿಧಿ, ಇ.ಎಸ್.ಐ. ವಂತಿಗೆ ಕಟ್ಟದಿದ್ದರೆ ಹೊಣೆ ಮುಖ್ಯ ಮಾಲೀಕನದೇ. ನಡುವೆ ಗುತ್ತಿಗೆದಾರನಿದ್ದಾನೆಂಬ ನೆಮ್ಮದಿ ಕಾಗದದ ಮೇಲಿನದು ಮಾತ್ರ.

ಐದು ಮಂದಿಯಿದ್ದರೂ ಅನ್ವಯಿಸುತ್ತಿದ್ದ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯ ಸ್ಥಾನಕ್ಕೆ 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಬಂದಿದೆ. ತಾನಾಗಿಯೇ ಬಂದು ಕೆಲಸಕ್ಕೆ ಸೇರಿದವನನ್ನೂ ಅದು ವಲಸೆ ಕಾರ್ಮಿಕನೆಂದು ಗಣಿಸುವುದು ಸ್ವಾಗತಾರ್ಹ. ಆದರೆ ಅಂತಹ ಹತ್ತು ಮಂದಿಗಿಂತ ಕಡಿಮೆಯಿರುವ ಘಟಕಕ್ಕೂ, ಮಾಸಿಕ 18,000 ರೂ. ಮೀರಿದ ವೇತನದವರಿಗೂ ಈ ರಕ್ಷಣೆಯಿಲ್ಲ. ಹಳೆಯ ಸ್ಥಳಾಂತರ ಭತ್ಯೆಯನ್ನು ಕೈಬಿಡಲಾಗಿದೆ. ಸಣ್ಣ ಘಟಕಗಳ ಮಟ್ಟಿಗೆ ಕಾನೂನು ಮಾಡದೆ ಬಿಟ್ಟುದನ್ನು ವಾಣಿಜ್ಯ ಸಂಸ್ಥೆಗಳೇ ಮಾಡಬೇಕಾಗಿದೆ.

ಇದಕ್ಕೆ ದಕ್ಷಿಣ ಕೊರಿಯಾದ ಅನುಭವ ಪರಿಶೀಲನೆಗೆ ಅರ್ಹ. ತರಬೇತಿಯ ಹೆಸರಿನಲ್ಲಿ ಪರದೇಶೀಯರನ್ನು ಅಗ್ಗವಾಗಿ ದುಡಿಸಿಕೊಂಡು ಹೆಸರು ಕೆಡಿಸಿಕೊಂಡ ಮೇಲೆ ಆ ದೇಶವು 2004ರಲ್ಲಿ ಉದ್ಯೋಗ ಪರವಾನಗಿ ಪದ್ಧತಿಯನ್ನು ಜಾರಿಗೆ ತಂದಿತು. ಸರ್ಕಾರ ಸರ್ಕಾರಗಳ ನಡುವೆಯೇ ಒಪ್ಪಂದ, ದಲ್ಲಾಳಿಗಳಿಗೆ ಅವಕಾಶವಿಲ್ಲ, ಕನಿಷ್ಠ ವೇತನ ಸ್ಥಳೀಯರಿಗಿರುವಷ್ಟೇ. ಮಾಲೀಕನನ್ನು ಬದಲಿಸುವ ಸ್ವಾತಂತ್ರ್ಯಕ್ಕೆ ಮಿತಿ ಹಾಕಿರುವುದು ಅದರ ಕುಂದು. ನಮ್ಮಲ್ಲಿ ಆ ಸ್ವಾತಂತ್ರ್ಯ ಕಾನೂನಿನಲ್ಲಿ ಇದ್ದೇ ಇದೆ. ಅದನ್ನು ಕಸಿಯುತ್ತಿರುವುದು ಮುಂಗಡದ ಸಾಲ.

ಆದುದರಿಂದ ಇಪ್ಪತ್ತು, ಮೂವತ್ತು ಸಣ್ಣ ಘಟಕಗಳು ಒಗ್ಗೂಡಿ, ಒಂದೆರಡು ಜಿಲ್ಲೆಗಳ ಉದ್ಯೋಗ ವಿನಿಮಯ ಕಚೇರಿ ಅಥವಾ ಐ.ಟಿ.ಐ.ಗಳ ಮೂಲಕ ನೇರವಾಗಿ ನೇಮಿಸಿಕೊಳ್ಳುವುದು ಲೇಸು. ಬರುವ ಖರ್ಚು ಮಾಲೀಕರದು. ಅದನ್ನು ಕೂಲಿಯಲ್ಲಿ ಮುರಿಯಕೂಡದು. ವೇತನ ಬ್ಯಾಂಕಿನ ಖಾತೆಗೇ ಹೋಗಬೇಕು. ಷರತ್ತುಗಳನ್ನು ಹಿಂದಿ, ಒಡಿಯಾ ಅಥವಾ ಬಂಗಾಳಿಯಲ್ಲಿ ಬರೆದು ಕೊಡಬೇಕು. ಒಂದು ಘಟಕವನ್ನು ಬಿಟ್ಟವನು ಅದೇ ಕೂಟದ ಮತ್ತೊಂದನ್ನು ಸೇರಲು ಅಡ್ಡಿಯಿರಬಾರದು. ಖರ್ಚು ಹಂಚಿಕೊಂಡಿರುವುದರಿಂದ ಯಾರಿಗೂ ನಷ್ಟವಿಲ್ಲ.

ಸ್ಥಳೀಯರ ಗತಿಯೇನೆಂಬ ಆಕ್ಷೇಪ ಸಹಜವಾದುದೇ. ಡಾ. ಸರೋಜಿನಿ ಮಹಿಷಿ ವರದಿಯಿಂದ 2024ರ ಜುಲೈಯಲ್ಲಿ ತಡೆಹಿಡಿಯಲಾದ ಮೀಸಲಾತಿ ಮಸೂದೆಯವರೆಗೆ ಈ ಪ್ರಶ್ನೆ ಜೀವಂತವಾಗಿದೆ. ಹೊರಗಿನವನು ಅಗ್ಗವೆಂಬ ಕಾರಣಕ್ಕೇ ಕನ್ನಡಿಗನನ್ನು ಬದಿಗಿಡುವ ಪ್ರಲೋಭನೆ ಹುಟ್ಟುತ್ತದೆ. ಇಬ್ಬರಿಗೂ ಒಂದೇ ವೇತನ, ಒಂದೇ ಭವಿಷ್ಯನಿಧಿ ಎಂದಾದಾಗ ಆ ಪ್ರಲೋಭನೆ ಉಳಿಯದು.

ಛಠ್ ಹಬ್ಬಕ್ಕೆಂದು ಬಿಹಾರದವರು ಊರಿಗೆ ಹೊರಡುವ ಅಕ್ಟೋಬರ್, ನವೆಂಬರ್ ತಿಂಗಳುಗಳು ಈ ಪ್ರಯೋಗಕ್ಕೆ ಅನುಕೂಲವಾದ ಕಾಲ. ಹೋಗುವ ಟಿಕೆಟ್ಟಿನೊಡನೆ ಹಿಂದಿರುಗುವ ಟಿಕೆಟ್ಟನ್ನೂ ಮಾಲೀಕನೇ ಕೊಟ್ಟರೆ ಎಷ್ಟು ಮಂದಿ ಮರಳುವರೆಂಬುದನ್ನು ಡಿಸೆಂಬರಿನ ಹಾಜರಿ ಪುಸ್ತಕದಲ್ಲಿ ನೋಡಬಹುದು.