ಗೋಡೆ ಬುಡದ ನೀರು

ಇಲ್ಲಿ ನ್ಯೂ ಜೆರ್ಸಿಯಲ್ಲಿ ಮನೆ ಕೊಳ್ಳೋ ನಮ್ಮೋರು ಅಡುಗೆಮನೆ ಗ್ರಾನೈಟ್ ನೋಡ್ತಾರೆ, ಸ್ಕೂಲ್ ರೇಟಿಂಗ್ ನೋಡ್ತಾರೆ, ಬಾಗಿಲು ಪೂರ್ವಕ್ಕಿದೆಯಾ ಅಂತ ದಿಕ್ಸೂಚಿ ಹಿಡಿದು ನೋಡ್ತಾರೆ. ಮಳೆ ಬಂದಾಗ ನೀರು ಯಾವ ಕಡೆ ಓಡುತ್ತೆ ಅಂತ ಮಾತ್ರ ನೋಡೋಲ್ಲ. ಈಶಾನ್ಯ ತಗ್ಗಿರಬೇಕು ಅಂತ ವಾಸ್ತು ಹೇಳೋರಿಗೂ ಮನೆ ಬುಡವೇ ತಗ್ಗಾಗಿರೋದು ಕಣ್ಣಿಗೆ ಬೀಳೋಲ್ಲ!

ಬೇಸ್‌ಮೆಂಟ್ ಅಂದ್ರೆ ನೆಲದೊಳಗೆ ಏಳೆಂಟು ಅಡಿ ಇಳಿದಿರೋ ಗೋಡೆ. ಅದರ ಹೊರಗಿನ ಜೇಡಿಮಣ್ಣು ನೀರು ಕುಡಿದು ಉಬ್ಬಿದಾಗ ಗೋಡೆಯನ್ನ ಒಳಕ್ಕೆ ನೂಕುತ್ತೆ. ಮೊದಲು ಮುಗ್ಗಲು ವಾಸನೆ, ಆಮೇಲೆ ಬಿಳೀ ಉಪ್ಪಿನ ಕಲೆ. ಕಾಂಕ್ರೀಟ್ ಬ್ಲಾಕ್ ಗೋಡೆಯ ನಡುಮಧ್ಯೆ ಅಡ್ಡಡ್ಡಲಾಗಿ ಬಿರುಕು ಕಂಡ್ರೆ ಪೈಂಟ್ ಹೊಡೆಯೋದಲ್ಲ, ಸ್ಟ್ರಕ್ಚರಲ್ ಎಂಜಿನಿಯರನ್ನ ಕರೆಸಬೇಕು. ಹೀಗೆ ಒಸರಿ ಬರೋ ನೀರಿಗೆ ಸಾಮಾನ್ಯ ಮನೆ ಇನ್ಶೂರೆನ್ಸ್ ಕಾಸು ಕೊಡೋದಿಲ್ಲ.

2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಶೇಷ ಇಲ್ಲಿ ಸುರಿದಾಗ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಒಂದೇ ಗಂಟೆಗೆ 3.15 ಇಂಚು ಮಳೆ. ಅಂಥ ಮಳೆಗೆ ಯಾವ ಚರಂಡಿಯೂ ತಾಳೋಲ್ಲ ಬಿಡಿ. ನಾನು ಹೇಳ್ತಿರೋದು ಪ್ರತಿ ವಸಂತದಲ್ಲೂ ಬರೋ ಸಾದಾ ಮಳೆಯ ಕಥೆ.

ನಮ್ಮ ಪರಿಚಯದವರೊಬ್ಬರ ಮನೆಯಲ್ಲಿ ಹೀಗೇ ಆಯ್ತು. ಊರಿಂದ ಆರು ತಿಂಗಳಿಗೆ ಅಂತ ತಂದೆ-ತಾಯಿ ಬರೋರಿದ್ರು, ತಂದೆಗೆ ಉಬ್ಬಸ, ಬೇಸ್‌ಮೆಂಟಿನಲ್ಲಿ ಬೂಷ್ಟು. ನೋಡೋಕೆ ಬಂದ ಸೇಲ್ಸ್‌ಮನ್ ಒಳಗೆಲ್ಲ ಕಾಂಕ್ರೀಟ್ ಒಡೆದು ಪೈಪ್ ಹಾಕಿ ಪಂಪ್ ಕೂರಿಸ್ತೀವಿ, 14 ಸಾವಿರ ಡಾಲರ್, ಇವತ್ತೇ ಸಹಿ ಹಾಕಿದ್ರೆ ಡಿಸ್ಕೌಂಟ್ ಅಂದ. ಒಂದು ಮಳೆ ನೋಡಿ ಹೇಳ್ತೀನಿ ಅಂತ ಅವರು ಅವನನ್ನ ಸಾಗಹಾಕಿದ್ರು. ಜಾಣತನ ಅಂದ್ರೆ ಅದು.

ಮುಂದಿನ ಶನಿವಾರ ಮಳೆ ಬಂತು. ಇಬ್ಬರೂ ಕೊಡೆ ಹಿಡ್ಕೊಂಡು ಮನೆ ಸುತ್ತಿದ್ವಿ. ಗಟರಿನಿಂದ ಇಳಿದ ಕೊಳವೆ ನೀರನ್ನೆಲ್ಲ ನೇರ ಗೋಡೆ ಮೂಲೆಗೇ ಸುರೀತಾ ಇತ್ತು. 1,500 ಚದರಡಿ ಮಾಡಿನ ಮೇಲೆ ಒಂದಿಂಚು ಮಳೆ ಬಿದ್ರೆ ಸುಮಾರು 935 ಗ್ಯಾಲನ್, ಅಂದ್ರೆ ಮೂರೂವರೆ ಸಾವಿರ ಲೀಟರ್! ಊರಲ್ಲಿ ಅಡಿಕೆ ದಬ್ಬೆ ಕಟ್ಟಿ ಸೂರಿನ ನೀರನ್ನ ಅಂಗಳ ದಾಟಿಸ್ತಿದ್ದೋರಿಗೆ ಇದು ಹೊಸ ವಿದ್ಯೆಯೇನಲ್ಲ. ಆ ಕೊಳವೆಗಳಿಗೆ ಹತ್ತಡಿ ಪೈಪ್ ಜೋಡಿಸಿ, ಮನೆ ಬುಡಕ್ಕೆ ಮಣ್ಣೇರಿಸಿದ್ವಿ. ಮೊದಲ ಹತ್ತಡಿಗೆ ಆರಿಂಚು ಇಳಿಜಾರು ಬೇಕು ಅಂತ ಇಲ್ಲಿನ ಬಿಲ್ಡಿಂಗ್ ಕೋಡೇ ಹೇಳುತ್ತೆ. ಮಣ್ಣು ಮಾತ್ರ ಸೈಡಿಂಗಿಗೆ ತಾಗಬಾರದು, ಗೆದ್ದಲಿಗೆ ಏಣಿ ಹಾಕಿಕೊಟ್ಟ ಹಾಗೆ. ಮುಕ್ಕಾಲು ತೇವ ಅಷ್ಟರಲ್ಲೇ ನಿಂತಿತು.

ಉಳಿದದ್ದು ಹಿತ್ತಲಿನ ದಿಬ್ಬದಿಂದ ಇಳಿಯೋ ನೀರು. ಅದಕ್ಕೇ ಫ್ರೆಂಚ್ ಡ್ರೈನ್. ಫ್ರಾನ್ಸಿಗೂ ಇದಕ್ಕೂ ಸಂಬಂಧ ಇಲ್ಲ, 1859ರಲ್ಲಿ ಹೊಲದ ಬಸಿಗಾಲುವೆಗಳ ಬಗ್ಗೆ ಪುಸ್ತಕ ಬರೆದ ಹೆನ್ರಿ ಫ್ಲ್ಯಾಗ್ ಫ್ರೆಂಚ್ ಅನ್ನೋ ಅಮೆರಿಕದ ಜಡ್ಜ್ ಹೆಸರು. ನಮ್ಮ ಅಡಿಕೆ ತೋಟದ ಬಸಿಗಾಲುವೆಗೆ ಜಲ್ಲಿ ತುಂಬಿ ಮುಚ್ಚಿದ್ರೆ ಅದೇ ಇದು. ಅಗೆಯೋಕೆ ಮುಂಚೆ 811ಕ್ಕೆ ಫೋನ್ ಮಾಡಿ, ಗ್ಯಾಸು, ಕರೆಂಟು ಎಲ್ಲಿ ಹೋಗಿದೆ ಅಂತ ಪುಕ್ಕಟೆ ಗುರುತು ಹಾಕಿಸ್ತಾರೆ. ಗೋಡೆಗೆ ಅಂಟಿಸದೆ, ದೂರದಲ್ಲಿ ಕಾಲುವೆ ತೋಡಿ, ಬಟ್ಟೆ ಹಾಸಿ, ಜಲ್ಲಿ ಸುರಿದು, ನಾಲ್ಕಿಂಚಿನ ತೂತಿನ ಪೈಪ್ ಇಡೋದು. ತೂತು ಕೆಳಮುಖ! ಅಂಗಡಿಯವನೂ ಮೇಲ್ಮುಖ ಅಂತಾನೆ, ನಂಬಬೇಡಿ. ಕಾಲುವೆಯಲ್ಲಿ ನೀರು ತಳದಿಂದ ಮೇಲೇರಿ ಪೈಪ್ ಸೇರುತ್ತೆ. ಎಂಟಡಿಗೆ ಒಂದಿಂಚಾದ್ರೂ ಇಳಿಜಾರು ಇರಲಿ. ಮಾಡಿನ ನೀರನ್ನ ಈ ಪೈಪಿಗೆ ಬಿಡಬೇಡಿ, ಅದಕ್ಕೆ ತೂತಿಲ್ಲದ ಬೇರೆ ಪೈಪು.

ತಕರಾರು ಎದ್ದದ್ದು ಪೈಪಿನ ಬಾಯಿ ಎಲ್ಲಿಗೆ ಅನ್ನೋದರಲ್ಲಿ. ಸುಲಭದ ಇಳಿಜಾರು ಪಕ್ಕದ ಮನೆ ಅಜ್ಜಿಯ ಬೇಲಿಯ ಕಡೆಗಿತ್ತು. ಒಬ್ಬರೇ ಇರೋ ಹೆಂಗಸು, ಯಾರು ಕೇಳ್ತಾರೆ ಅಂದ ಒಬ್ಬ ಸ್ನೇಹಿತ. ನಮ್ಮ ಬೇಸ್‌ಮೆಂಟಿನ ನೀರನ್ನ ಅವರ ಬೇಸ್‌ಮೆಂಟಿಗೆ ಕಳಿಸೋಕೆ ಇಷ್ಟು ಅಗೀಬೇಕಿತ್ತಾ? ಇನ್ನೂ ಇಪ್ಪತ್ತಡಿ ಜಾಸ್ತಿ ತೋಡಿ, ತಮ್ಮದೇ ಹುಲ್ಲಿನ ತಗ್ಗಿಗೆ ತಿರುಗಿಸಿದ್ರು. ಎರಡು ಭಾನುವಾರ ಬೆನ್ನು ಬಿತ್ತು.

ತಂದೆ-ತಾಯಿ ಜೂನಿನಲ್ಲಿ ಬಂದ್ರು. ಅಜ್ಜಿ ಬೇಲಿ ಮೇಲಿಂದ ಟೊಮೇಟೊ ಕೊಡ್ತಿದ್ದಾರಂತೆ.