ಪ್ರೇಕ್ಷಕರ ಮೆಟ್ಟಿಲ ಮೇಲೆ ಒಂದು ದಿನ



ಈ ತಿಂಗಳು ಅಡಿಗೆಮನೆಯ ಮಾತನ್ನೂ ಮಕ್ಕಳ ಕೆಮ್ಮು ನೆಗಡಿಗಳ ಮಾತನ್ನೂ ಬದಿಗಿಟ್ಟು, ಒಂದು ಆಟದ ವಿಷಯವಾಗಿ ನಾಲ್ಕು ಮಾತು ಬರೆಯಲು ನಿಮ್ಮ ಅಪ್ಪಣೆಯನ್ನು ಬೇಡುತ್ತೇನೆ. "ಮುದುಕಿಗೆ ಆಟದ ಗೊಡವೆ ಏತಕ್ಕೆ?" ಎಂದು ಕೆಲವರು ನಗಬಹುದು. ನಾನೂ ಹಾಗೆಯೇ ನಕ್ಕವಳು. ಆದರೆ ಅಮೆರಿಕಾ ಸಂಯುಕ್ತ ಸಂಸ್ಥಾನದ ಒಕ್ಲಹೋಮಾ ಪ್ರಾಂತದಲ್ಲಿ ಸಂಸಾರ ಹೂಡಿರುವ ನನ್ನ ಮಗಳ ಮನೆಗೆ ಹೋಗಿದ್ದಾಗ, ಏಪ್ರಿಲ್ ತಿಂಗಳ ಕೊನೆಯ ಒಂದು ಶನಿವಾರವನ್ನು ಕಾಲೇಜಿನ ಹುಡುಗಿಯರ ಆಟ ನೋಡುವುದರಲ್ಲಿ ಕಳೆದು ಬಂದೆನು. ಅಂದು ಕಣ್ಣಿಗೆ ಕಂಡುದಕ್ಕಿಂತ ಮನಸ್ಸಿಗೆ ತಿಳಿದುದು ಹೆಚ್ಚು. ಅದನ್ನು ಮನೆ ಮಕ್ಕಳುಳ್ಳ ನಿಮ್ಮೊಡನೆ ಹೇಳಿಕೊಳ್ಳದೆ ಇರಲಾರೆನು.

ಹೊರಡುವಾಗಲೇ ಒಂದು ಸಣ್ಣ ಚರ್ಚೆ ನಡೆಯಿತು. ನಾನು ಪದ್ಧತಿಯಂತೆ ಚಿತ್ರಾನ್ನದ ಬುತ್ತಿಯನ್ನು ಕಟ್ಟಿದೆನು. "ಅಮ್ಮಾ, ಬುತ್ತಿಯನ್ನು ಅಲ್ಲಿ ಒಳಗೆ ಬಿಡುವುದಿಲ್ಲ. ಕೈಚೀಲ ಕೂಡ ಒಳಗಿರುವುದೆಲ್ಲ ಹೊರಗೆ ಕಾಣುವಂಥದಾಗಿರಬೇಕು" ಎಂದು ಮಗಳು ಅದನ್ನು ತೆಗೆದಿಟ್ಟಳು. ಹತ್ತು ವರ್ಷದ ಮೊಮ್ಮಗಳು ಮಾತ್ರ ತನ್ನ ಚರ್ಮದ ಕೈಗವಸನ್ನು ಎದೆಗವಚಿಕೊಂಡು, ಜಡೆಗೆ ಕೆಂಪು ರಿಬ್ಬನ್ನು ಕಟ್ಟಿಕೊಂಡು, ಬೆಳಗ್ಗೆ ಎಂಟು ಘಂಟೆಗೇ ಕಾರಿನಲ್ಲಿ ಕುಳಿತಿದ್ದಳು. ಆಟ ಮೊದಲಾಗುವುದು ಮಧ್ಯಾಹ್ನ ಒಂದು ಘಂಟೆಗೆ!

ಈ ಆಟಕ್ಕೆ ಸಾಫ್ಟ್‌ಬಾಲ್ ಎಂದು ಹೆಸರು. ಮೆತ್ತನೆಯ ಚೆಂಡು ಎಂಬುದು ಅದರ ಅರ್ಥ. ಆದರೆ ಮೊಮ್ಮಗಳ ಕೈಯಲ್ಲಿದ್ದ ಹಳದಿ ಚೆಂಡನ್ನು ಒತ್ತಿ ನೋಡಿದೆನು. ತೆಂಗಿನ ಕರಟದಂತೆ ಗಟ್ಟಿಯಾಗಿತ್ತು. ಇದರ ಹುಟ್ಟಿನ ಕಥೆಯೂ ಸ್ವಾರಸ್ಯವಾದುದು. 1887 ರ ನವೆಂಬರ್ ತಿಂಗಳಲ್ಲಿ ಚಿಕಾಗೋ ನಗರದ ಒಂದು ದೋಣಿಯ ಸಂಘದ ಮನೆಯಲ್ಲಿ ಕೆಲವು ತರುಣರು, ಹಾರ್ವರ್ಡ್ ಮತ್ತು ಯೇಲ್ ಕಾಲೇಜುಗಳ ಕಾಲ್ಚೆಂಡಿನ ಪಂದ್ಯದ ಫಲವನ್ನು ತಿಳಿಯಲು ಕಾದು ಕುಳಿತಿದ್ದರಂತೆ. ಸುದ್ದಿ ಬಂದೊಡನೆ ಉತ್ಸಾಹದಲ್ಲಿ ಒಬ್ಬನು ಮುಷ್ಟಿಯುದ್ಧದ ಕೈಗವಸನ್ನು ಎಸೆದನು. ಇನ್ನೊಬ್ಬನು ಅದನ್ನು ಕೋಲಿನಿಂದ ಹೊಡೆದನು. ಜಾರ್ಜ್ ಹ್ಯಾನ್‌ಕಾಕ್ ಎಂಬಾತನು ಆ ಗವಸನ್ನು ದಾರದಿಂದ ಬಿಗಿದು ಚೆಂಡು ಮಾಡಿ, ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಆಟವನ್ನು ಆರಂಭಿಸಿದನು. ಹೀಗೆ ಚಳಿಗಾಲದಲ್ಲಿ ಮನೆಯೊಳಗೆ ಹುಟ್ಟಿದ ಗಂಡಸರ ವಿನೋದವು ಕಾಲಕ್ರಮದಲ್ಲಿ ಬಯಲಿಗೆ ಬಂದು, ಇಂದು ಆ ದೇಶದ ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ಆಟವಾಗಿ ಬೆಳೆದಿದೆ.

ಕ್ರಿಕೆಟ್ಟನ್ನು ಬಲ್ಲ ನಮ್ಮವರಿಗೆ ಇದರ ನಿಯಮಗಳು ಕಷ್ಟವಲ್ಲ. ವಜ್ರದ ಆಕೃತಿಯಲ್ಲಿ ನಾಲ್ಕು ನೆಲೆಗಳು. ಒಂದರಿಂದ ಮತ್ತೊಂದಕ್ಕೆ 60 ಅಡಿ. ಚೆಂಡನ್ನು ಹೊಡೆದವಳು ಮೂರು ನೆಲೆಗಳನ್ನು ಸುತ್ತಿ, ತಾನು ಹೊರಟ ನೆಲೆಗೇ ಮರಳಿ ಬಂದರೆ ಒಂದು ಓಟ. ಆ ನೆಲೆಗೆ ಅವರು ಇಟ್ಟಿರುವ ಹೆಸರು 'ಮನೆ'! ಚೆಂಡನ್ನು ಎಸೆಯುವವಳು 43 ಅಡಿ ದೂರದಲ್ಲಿ ನಿಂತು, ತೋಳನ್ನು ರಾಟೆಯಂತೆ ಒಂದು ಸುತ್ತು ತಿರುಗಿಸಿ, ಸೊಂಟದ ಬಳಿಯಿಂದ ಚೆಂಡನ್ನು ಬಿಡುತ್ತಾಳೆ. ಗಂಡಸರ ಬೇಸ್‌ಬಾಲ್ ಆಟದಲ್ಲಿ ಈ ದೂರವು 60 ಅಡಿ 6 ಅಂಗುಲ. ಇಲ್ಲಿಯ ಚೆಂಡು ದೊಡ್ಡದು, ಸುತ್ತಳತೆ 12 ಅಂಗುಲ. ಆದರೆ ಘಂಟೆಗೆ 70 ಮೈಲಿಯ ವೇಗದಲ್ಲಿ ಬರುವ ಆ ಚೆಂಡು ಅರ್ಧ ಸೆಕೆಂಡಿಗಿಂತ ಮುಂಚೆಯೇ ಹೊಡೆಯುವವಳ ಮುಂದಿರುತ್ತದೆ. ಯೋಚಿಸಲು ಸಮಯವೇ ಇಲ್ಲ. ಮೂವರು ಔಟಾದರೆ ಒಂದು ಪಕ್ಷದ ಸರದಿ ಮುಗಿಯಿತು. ಪ್ರತಿ ಪಕ್ಷಕ್ಕೂ ಇಂಥ ಏಳು ಸರದಿ.

ನಾವು ತಗಡಿನ ಬೆಂಚುಗಳ ಮೆಟ್ಟಿಲನ್ನೇರಿ ಕುಳಿತೆವು. ಬಿಸಿಲಿಗೆ ಬೆಂಚು ದೋಸೆಯ ಕಾವಲಿಯಂತೆ ಕಾದಿತ್ತು. ನನ್ನ ಸಂಕಟವನ್ನು ಕಂಡು ಪಕ್ಕದಲ್ಲಿದ್ದ ವೃದ್ಧೆಯೊಬ್ಬರು ಮಾತಿಲ್ಲದೆ ಒಂದು ದಿಂಬನ್ನು ನನ್ನ ಕಡೆಗೆ ಸರಿಸಿದರು. ಆಕೆಗೆ ಎಪ್ಪತ್ತೈದರ ಸುಮಾರು ವಯಸ್ಸು. ತೊಡೆಯ ಮೇಲೆ ಒಂದು ಲೆಕ್ಕದ ಪುಸ್ತಕ, ಕಿವಿಯ ಸಂದಿಯಲ್ಲಿ ಪೆನ್ಸಿಲು. ಪ್ರತಿಯೊಂದು ಚೆಂಡಿನ ಫಲವನ್ನೂ ಆಕೆ ಚಿಕ್ಕ ಚಿಕ್ಕ ಮನೆಗಳಲ್ಲಿ ಬರೆದುಕೊಳ್ಳುವುದನ್ನು ನೋಡಿದರೆ, ನಮ್ಮ ಹಿರಿಯರು ದಿನಸಿಯ ಲೆಕ್ಕ ಬರೆಯುತ್ತಿದ್ದುದು ನೆನಪಾಗುತ್ತಿತ್ತು.

ಅಂದು ಆ ಕಾಲೇಜಿನವರು ತಮ್ಮ ಊರಿನ ಬಯಲಿನಲ್ಲಿ ಆಡುವ ಆ ವರ್ಷದ ಕೊನೆಯ ಪಂದ್ಯ. ಅಂಥ ದಿನ ಅಲ್ಲಿ ಒಂದು ಸಂಪ್ರದಾಯವುಂಟು. ವಿದ್ಯಾಭ್ಯಾಸ ಮುಗಿಸಿ ಹೊರಡಲಿರುವ ಆಟಗಾರ್ತಿಯರನ್ನು ಆಟಕ್ಕೆ ಮುಂಚೆ ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುತ್ತಾರೆ. ಹುಡುಗಿಯು ಎಡಗಡೆ ತಾಯಿಯನ್ನೂ ಬಲಗಡೆ ತಂದೆಯನ್ನೂ ಹಿಡಿದುಕೊಂಡು ಬಯಲಿನ ನಡುವೆ ನಡೆದು ಬರುತ್ತಾಳೆ. ಕೈಗೆ ಹೂವಿನ ಗುಚ್ಛ ಕೊಡುತ್ತಾರೆ. ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಮಗಳನ್ನು ಹಸೆಮಣೆಗೆ ಕರೆದು ತಂದಂತೆ ಕಂಡಿತು ನನಗೆ. ಹದಿನಾಲ್ಕನೆಯ ಅಂಕಿಯ ಅಂಗಿ ತೊಟ್ಟ ಹುಡುಗಿಯ ಸರದಿ ಬಂದಾಗ ನನ್ನ ಪಕ್ಕದ ವೃದ್ಧೆಯು ಪೆನ್ಸಿಲನ್ನು ಕೆಳಗಿಟ್ಟು, "ಅವಳು ನನ್ನ ಮೊಮ್ಮಗಳು" ಎಂದರು.

ವಾಚಕರೇ, ಆ ಚಪ್ಪಾಳೆಯ ನಡುವೆ ನನ್ನ ಕೈಗಳು ಮಾತ್ರ ನಿಂತುಹೋದುವು. ಇಪ್ಪತ್ತೈದು ವರ್ಷಗಳ ಹಿಂದಿನ ಒಂದು ಕಾಗದ ನೆನಪಿಗೆ ಬಂದಿತು. ನನ್ನ ಮಗಳು ಹದಿನೈದು ವರ್ಷದವಳಾಗಿದ್ದಾಗ ಖೋ ಖೋ ಆಟದಲ್ಲಿ ಗಟ್ಟಿಗಳೆನ್ನಿಸಿಕೊಂಡು, ಜಿಲ್ಲೆಯ ತಂಡಕ್ಕೆ ಆರಿಸಲ್ಪಟ್ಟು, ತಂದೆತಾಯಿಗಳ ಒಪ್ಪಿಗೆಯ ಪತ್ರವನ್ನು ಮನೆಗೆ ತಂದಿದ್ದಳು. ಎಸ್.ಎಸ್.ಎಲ್.ಸಿ. ಪರೀಕ್ಷೆ ಹತ್ತಿರವಾಗಿತ್ತು. ಬೆಳೆದ ಹುಡುಗಿ ಊರೂರು ಅಲೆಯುವುದು ನನಗೆ ಸರಿತೋರಲಿಲ್ಲ. ಯಜಮಾನರು "ನಿನಗೆ ತೋರಿದಂತೆ ಮಾಡು" ಎಂದರು. ನಾನು ಬೇಡವೆಂದೂ ಹೇಳಲಿಲ್ಲ, ರುಜುವನ್ನೂ ಹಾಕಲಿಲ್ಲ. ಪತ್ರವನ್ನು ಪಂಚಾಂಗದೊಳಗಿಟ್ಟು ಮರೆತಂತೆ ನಟಿಸಿದೆನು. ಕೊಡಬೇಕಾದ ತಾರೀಖು ಕಳೆದುಹೋಯಿತು. ಮಗಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ವರ್ಷ ಅವಳು ಒಳ್ಳೆಯ ಅಂಕಗಳನ್ನೇ ತೆಗೆದಳು. ನಾನು ಮಾಡಿದುದು ಸರಿಯೆಂಬುದಕ್ಕೆ ಅದನ್ನೇ ಸಾಕ್ಷಿಯಾಗಿಟ್ಟುಕೊಂಡು ಇಷ್ಟು ವರ್ಷ ನೆಮ್ಮದಿಯಿಂದಿದ್ದೆನು.

ಆಟ ನಡೆಯಿತು. ತಮ್ಮ ಸರದಿಗೆ ಕಾದು ಕುಳಿತ ಹುಡುಗಿಯರು ಸುಮ್ಮನಿರುವವರಲ್ಲ. ನಮ್ಮಲ್ಲಿ ಸೋಬಾನೆಯನ್ನು ಒಬ್ಬರು ಎತ್ತಿಕೊಟ್ಟು ಉಳಿದವರು ಹಿಡಿಯುವಂತೆ, ಒಬ್ಬಳು ಒಂದು ಸೊಲ್ಲನ್ನು ಕೂಗುವಳು, ಉಳಿದವರು ತಾಳ ಹಾಕಿ ಅದನ್ನು ಮುಂದುವರಿಸುವರು. ಕಣ್ಣಿನ ಕೆಳಗೆ ಕಾಡಿಗೆಯಂಥ ಕಪ್ಪು ಬಳಿದುಕೊಂಡು, ಕೆಂಪು ಮಣ್ಣಿನಲ್ಲಿ ಎದೆಯೂರಿ ಜಾರಿ ನೆಲೆಯನ್ನು ಮುಟ್ಟುವ ಆ ಮಕ್ಕಳಿಗೆ ಬಟ್ಟೆ ಕೊಳೆಯಾಗುವ ಚಿಂತೆಯೇ ಇರಲಿಲ್ಲ. ಹದಿನಾಲ್ಕನೆಯ ಅಂಕಿಯ ಹುಡುಗಿ ಮಾತ್ರ ಬೆಂಚಿನಲ್ಲೇ ಇದ್ದಳು. ಬಂದವರಿಗೆ ನೀರು ಕೊಡುವಳು, ಎಲ್ಲರಿಗಿಂತ ಗಟ್ಟಿಯಾಗಿ ಹಾಡುವಳು.

ನಾಲ್ಕನೆಯ ಸರದಿಯ ಹೊತ್ತಿಗೆ ಪಶ್ಚಿಮದಲ್ಲಿ ಮೋಡ ಕವಿದು ಮಿಂಚು ಹೊಡೆಯಿತು. ಕೊನೆಯ ಮಿಂಚಾಗಿ 30 ನಿಮಿಷ ಕಳೆಯುವವರೆಗೆ ಆಡಕೂಡದೆಂದು ಅಲ್ಲಿಯ ನಿಯಮ. ಎಲ್ಲರೂ ಮೆಟ್ಟಿಲಿಳಿದು ತಿಂಡಿಯ ಅಂಗಡಿಗಳ ಮಾಡಿನ ಕೆಳಗೆ ನಿಂತೆವು. ಆಗ ಆ ವೃದ್ಧೆಯೊಡನೆ ಮಾತು ಬೆಳೆಯಿತು.

"ನಾನು ಹೈಸ್ಕೂಲಿನಲ್ಲಿದ್ದಾಗ ಹುಡುಗಿಯರಿಗೆ ತಂಡವೇ ಇರಲಿಲ್ಲ" ಎಂದರು ಆಕೆ. "ಹುಡುಗರು ಆಡುತ್ತಿದ್ದರು. ನಾವು ಪಕ್ಕದಲ್ಲಿ ನಿಂತು ಅವರಿಗೆ ಜಯಕಾರ ಹಾಕುತ್ತಿದ್ದೆವು. ಅದೇ ನಮ್ಮ ಆಟ."

1972 ರಲ್ಲಿ ಆ ದೇಶದಲ್ಲಿ ಒಂದು ಕಾನೂನು ಬಂದಿತು. ಅದರ ತಿರುಳು ಒಂದೇ ಒಂದು ವಾಕ್ಯ. ಇಂಗ್ಲೀಷಿನಲ್ಲಿ 37 ಪದಗಳು. ಕೇಂದ್ರ ಸರಕಾರದ ದ್ರವ್ಯಸಹಾಯ ಪಡೆಯುವ ಯಾವ ವಿದ್ಯಾಕಾರ್ಯದಲ್ಲಿಯೂ ಹೆಣ್ಣು ಗಂಡೆಂಬ ಭೇದದಿಂದ ಯಾರನ್ನೂ ಹೊರಗಿಡಕೂಡದು ಎಂಬುದು ಅದರ ತಾತ್ಪರ್ಯ. ಆಟವೆಂಬ ಶಬ್ದವು ಆ ವಾಕ್ಯದಲ್ಲಿ ಇಲ್ಲವೇ ಇಲ್ಲ. ಆದರೂ ಆಟದ ಬಯಲುಗಳ ಬಾಗಿಲು ತೆರೆದುದು ಅದರಿಂದಲೇ. ಕಾನೂನು ಬಂದ ವರ್ಷ ಅಲ್ಲಿಯ ಹೈಸ್ಕೂಲುಗಳಲ್ಲಿ ಆಟಗಳಲ್ಲಿ ಸೇರಿದ್ದ ಹುಡುಗಿಯರು ಸುಮಾರು 3 ಲಕ್ಷ. ಈಗ ಅವರ ಸಂಖ್ಯೆ 30 ಲಕ್ಷವನ್ನು ಮೀರಿದೆ. ಕಾಲೇಜು ಹುಡುಗಿಯರ ಸಾಫ್ಟ್‌ಬಾಲಿಗೆ 1969 ರಲ್ಲಿ ಓಮಹಾ ನಗರದಲ್ಲಿ ಮೊದಲ ದೊಡ್ಡ ಪಂದ್ಯಾವಳಿ ನಡೆದಿತ್ತು. 1982 ರಿಂದ ಕಾಲೇಜು ಆಟಗಳ ರಾಷ್ಟ್ರೀಯ ಸಂಸ್ಥೆಯೇ ಅದನ್ನು ನಡೆಸತೊಡಗಿತು. 1990 ರಿಂದ ಈಚೆಗೆ, 1996 ಒಂದನ್ನುಳಿದು, ಅದು ನಡೆದ ವರ್ಷಗಳಲ್ಲೆಲ್ಲ ಒಕ್ಲಹೋಮಾ ನಗರದಲ್ಲಿಯೇ ನಡೆದಿದೆ. ಒಕ್ಲಹೋಮಾ ವಿಶ್ವವಿದ್ಯಾನಿಲಯದ ಹುಡುಗಿಯರು 2021 ರಿಂದ 2024 ರವರೆಗೆ ಸತತವಾಗಿ ನಾಲ್ಕು ವರ್ಷ ಗೆದ್ದರು. 2025 ರಲ್ಲಿ ಟೆಕ್ಸಾಸಿನವರು ಗೆದ್ದರು.

"ನನ್ನ ಮಗಳಿಗೆ ತಂಡ ಸಿಕ್ಕಿತು" ಎಂದು ವೃದ್ಧೆ ಮುಂದುವರಿಸಿದರು. "ಮೊಮ್ಮಗಳಿಗೆ ಕಾಲೇಜಿನ ತಂಡವೇ ಸಿಕ್ಕಿತು. ನಾಲ್ಕು ವರ್ಷಗಳಲ್ಲಿ ಅವಳು ಬ್ಯಾಟು ಹಿಡಿದು ಬಯಲಿಗಿಳಿದದ್ದು ಬಹಳ ಸಲವಲ್ಲ. ಈ ಊರಿನಲ್ಲಿ ಆದ ಆಟಗಳಲ್ಲಿ ನಾನು ಒಂದನ್ನೂ ತಪ್ಪಿಸಿಲ್ಲ."

"ಅವಳು ಆಡುವುದಿಲ್ಲವೆಂದು ತಿಳಿದೂ ಬರುತ್ತೀರಾ?" ಎಂದು ಕೇಳಿಬಿಟ್ಟೆನು. ಕೇಳಬಾರದಿತ್ತೇನೋ.

ಆಕೆ ಕೋಪಿಸಿಕೊಳ್ಳಲಿಲ್ಲ. "ಅವಳು ಬೆಂಚಿನಿಂದ ತಲೆಯೆತ್ತಿ ಒಮ್ಮೆ ಈ ಕಡೆ ನೋಡುತ್ತಾಳೆ. ಆಗ ನಾನು ಇಲ್ಲಿರಬೇಕಲ್ಲ" ಎಂದರು. ಮಳೆ ನಿಂತಿತು. ದಿಂಬಿನ ನೀರನ್ನೊರಸಿ ಮತ್ತೆ ಹೋಗಿ ಕುಳಿತೆವು.

ಏಳನೆಯ ಸರದಿಯ ಕೊನೆಗೆ ನಮ್ಮ ಕೆಂಪು ಪಕ್ಷದವರು ಎರಡು ಓಟ, ಎದುರಿನ ನೀಲಿ ಪಕ್ಷದವರು ಮೂರು. ಇಬ್ಬರು ಔಟಾಗಿದ್ದರು, ಎರಡನೆಯ ನೆಲೆಯಲ್ಲಿ ಒಬ್ಬಳು ನಿಂತಿದ್ದಳು. ಆಕೆ ಮನೆ ಸೇರಿದರೆ ಸರಿಸಮ. ಆಗ ಗುರುವು ಹದಿನಾಲ್ಕನೆಯ ಅಂಕಿಯ ಹುಡುಗಿಯನ್ನು ಕರೆದು ಕೈಗೆ ಬ್ಯಾಟು ಕೊಟ್ಟನು. ಜನರೆಲ್ಲ ಎದ್ದು ನಿಂತರು. ಮೊದಲ ಚೆಂಡಿಗೆ ಬೀಸಿದಳು, ತಗಲಲಿಲ್ಲ. ಎರಡು ಚೆಂಡುಗಳು ದೂರವಾಗಿ ಬಂದುವು, ಬಿಟ್ಟಳು. ಮುಂದಿನ ನಾಲ್ಕನ್ನು ಒಂದರ ಮೇಲೊಂದು ಗೆರೆಯ ಹೊರಗೆ ಹೊಡೆದು ಪ್ರಾಣ ಉಳಿಸಿಕೊಂಡಳು. ಎಂಟನೆಯದನ್ನು ಸರಿಯಾಗಿ ನಡುವೆ ಹಿಡಿದು ಹೊಡೆದಳು. ಅದು ಬಾಣದಂತೆ ಹೊರಟಿತು. ನೀಲಿ ಪಕ್ಷದ ಹುಡುಗಿಯೊಬ್ಬಳು ಹಾರಿ ಅದನ್ನು ಕೈಗವಸಿನಲ್ಲಿ ಹಿಡಿದಳು. ಆಟ ಮುಗಿಯಿತು. ನಮ್ಮವರು ಸೋತರು.

ವೃದ್ಧೆಯು ಕುಳಿತು, ಪುಸ್ತಕದ ಕೊನೆಯ ಮನೆಯಲ್ಲಿ ನಿಧಾನವಾಗಿ ಬರೆದರು. ಆಮೇಲೆ ನನ್ನ ಕಡೆ ತಿರುಗಿ, "ಎಂಟು ಚೆಂಡು ಎದುರಿಸಿದಳು, ನೋಡಿದಿರಾ?" ಎಂದರು. ಅವರ ಮುಖದಲ್ಲಿ ಸೋಲಿನ ಗುರುತು ನನಗೆ ಕಾಣಲಿಲ್ಲ.

ಆಟವಾದ ಮೇಲೆ ಊರಿನ ಚಿಕ್ಕ ಹುಡುಗಿಯರೆಲ್ಲ ಬೇಲಿಯ ಬಳಿ ಸಾಲುಗಟ್ಟಿದರು. ಆಟಗಾರ್ತಿಯರು ಬಂದು ಚೆಂಡು, ಟೋಪಿ, ಕೈಗವಸುಗಳ ಮೇಲೆ ತಮ್ಮ ರುಜು ಹಾಕಿ ಕೊಡುತ್ತಾರೆ. ನನ್ನ ಮೊಮ್ಮಗಳು ಹೆಸರುವಾಸಿಯಾದವರನ್ನೆಲ್ಲ ಬಿಟ್ಟು ಹದಿನಾಲ್ಕನೆಯ ಅಂಕಿಯ ಹುಡುಗಿಯ ಮುಂದೆ ಕೈಗವಸನ್ನು ಚಾಚಿದಳು. ಅತ್ತು ಕೆಂಪಾದ ಕಣ್ಣುಗಳಲ್ಲೇ ನಗುತ್ತ ಆ ಹುಡುಗಿ ರುಜು ಹಾಕಿದಳು. ಅದಕ್ಕೆ ಹಿಡಿದ ಹೊತ್ತು ಎಷ್ಟು? ಎರಡು ಉಸಿರಿನಷ್ಟು.

ಮನೆಗೆ ಹಿಂದಿರುಗುವಾಗ ಮೊಮ್ಮಗಳು ಹಿಂದಿನ ಆಸನದಲ್ಲಿ ನಿದ್ದೆಹೋಗಿದ್ದಳು. ನಾನು ಧೈರ್ಯ ಮಾಡಿ, "ಅಂದು ಆ ಪತ್ರಕ್ಕೆ ನಾನು ರುಜು ಹಾಕಬೇಕಾಗಿತ್ತು" ಎಂದೆನು. ಯಾವ ಪತ್ರವೆಂದು ಮಗಳು ಕೇಳಲಿಲ್ಲ. ಬಹು ದೂರ ಮಾತಿಲ್ಲದೆ ಕಾರು ನಡೆಯಿಸಿದಳು. ಆಮೇಲೆ, "ರುಜುವಿನ ಮಾತು ಹೋಗಲಿ ಬಿಡಮ್ಮ. ಪರೀಕ್ಷೆ ಇತ್ತು, ನಿನ್ನ ಭಯ ನಿನಗಿತ್ತು. ಅದಕ್ಕೆ ಮುಂಚೆ ಮೂರು ವರ್ಷ ನಮ್ಮ ಶಾಲೆಯ ಬಯಲಿನಲ್ಲಿ ಆಡಿದೆನಲ್ಲ, ನಮ್ಮ ಮನೆಯಿಂದ ಎರಡೇ ಬೀದಿ. ನೀನು ಒಂದು ದಿನ ಬಂದು ನೋಡಿದ್ದರೆ ಸಾಕಾಗಿತ್ತು" ಎಂದಳು. ಆ ಮಾತಿನಲ್ಲಿ ದೂರಿರಲಿಲ್ಲ. ದೂರಿದ್ದಿದ್ದರೆ ಉತ್ತರ ಕೊಡಬಹುದಾಗಿತ್ತು.

ಮುಂದಿನ ಶನಿವಾರ ಮೊಮ್ಮಗಳ ಆಟವಿತ್ತು. ಹತ್ತು ವರ್ಷದ ಮಕ್ಕಳ ಆಟ. ಹೊಡೆದುದಕ್ಕಿಂತ ತಪ್ಪಿದುದೇ ಹೆಚ್ಚು. ನಾನು ಒಂದು ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ, ಮಗಳ ಪಕ್ಕದಲ್ಲಿ ಕೊನೆಯವರೆಗೂ ಕುಳಿತಿದ್ದೆನು. ಮೊಮ್ಮಗಳು ಎರಡು ಸಲ ತಿರುಗಿ ನೋಡಿದಳು.

2028 ರ ಒಲಿಂಪಿಕ್ ಕ್ರೀಡೆಗಳಲ್ಲಿ ಸಾಫ್ಟ್‌ಬಾಲ್ ಆಟವನ್ನು ಒಕ್ಲಹೋಮಾ ನಗರದಲ್ಲಿಯೇ ನಡೆಸುವುದೆಂದು ಗೊತ್ತುಮಾಡಿದ್ದಾರೆ. ಅದನ್ನು ಲೋಕವೆಲ್ಲ ನೋಡೀತು. ನಾನು ನಿಮಗೆ ಹೇಳುವುದು ಅಷ್ಟು ದೂರದ ಮಾತಲ್ಲ. ನಿಮ್ಮ ಮನೆಯ ಹುಡುಗಿ ಖೋ ಖೋ ಆಡಲಿ, ಥ್ರೋಬಾಲ್ ಆಡಲಿ, ಕುಂಟೆಬಿಲ್ಲೆಯನ್ನೇ ಆಡಲಿ. ಅವಳು ತರುವ ಪತ್ರಕ್ಕೆ ರುಜು ಹಾಕುವುದೂ ಬಿಡುವುದೂ ನಿಮ್ಮ ವಿವೇಕಕ್ಕೆ ಸೇರಿದುದು. ಆದರೆ ಒಂದು ಸಂಜೆ ಒಲೆಯ ಮೇಲಿನ ಪಾತ್ರೆಯನ್ನಿಳಿಸಿ, ಎರಡು ಬೀದಿ ನಡೆದುಹೋಗಿ, ಬಯಲಿನ ಅಂಚಿನಲ್ಲಿ ಕುಳಿತು ಬನ್ನಿರಿ. ಅವಳು ತಲೆಯೆತ್ತಿ ನೋಡಿದಾಗ ನೀವು ಅಲ್ಲಿರಬೇಕು.