ಕೊನೆಯವರಿಗೆ ಮೊದಲ ನೀರು

ನಾಸಿಕದಿಂದ ಆಗ್ರಾ ಹೆದ್ದಾರಿ ಹಿಡಿದು ಸುಮಾರು 20 ಕಿ.ಮೀ. ಹೋದರೆ ಸಿಗುವ ಊರು ಓಝರ್. ಬೆಂಗಳೂರಿಗರಿಗೆ ಮನೆಮಾತಾದ ಎಚ್‌ಎಎಲ್ 1960ರ ದಶಕದಲ್ಲಿ ಮಿಗ್ ವಿಮಾನದ ಕಾರ್ಖಾನೆ ಕಟ್ಟಿದ್ದು ಇಲ್ಲೇ. ನಾಸಿಕದ ವಿಮಾನ ನಿಲ್ದಾಣ ಇರುವುದೂ ಇಲ್ಲೇ. ಆದರೆ ನೀರಾವರಿಯ ಮಾತು ಬಂದಾಗ ಓಝರ್ ಹೆಸರು ಕೇಳಿಬರುವುದು ಬೇರೆಯೇ ಕಾರಣಕ್ಕೆ. ಊರಿನ ರೈತರು ಸುಮಾರು 35 ವರ್ಷಗಳ ಹಿಂದೆ ನೀರನ್ನು ಅಳೆದು ಕೊಳ್ಳಲು, ಅಳೆದು ಹಂಚಿಕೊಳ್ಳಲು ಶುರುಮಾಡಿದರು.

ದಿಂಡೋರಿ ತಾಲ್ಲೂಕಿನ ವಾಘಾಡ್ ಅಣೆಕಟ್ಟಿನಿಂದ ಹೊರಟ ಕಾಲುವೆಗೆ ಓಝರ್ ಕೊನೆಯ ಭಾಗ. ಅಲ್ಲಿನ ಕಷ್ಟವನ್ನು ನಮ್ಮ ಮಾನ್ವಿ, ಸಿರವಾರದ ರೈತರಿಗೆ ವಿವರಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆ ತುಂಬಿ ತುಳುಕುವಾಗ ಕೊನೆ ಭಾಗದವರು ರಸ್ತೆಗಿಳಿಯುವುದು ಪ್ರತಿ ಹಂಗಾಮಿನ ಸುದ್ದಿ. ಓಝರ್‌ನಲ್ಲೂ ಹಾಗೇ ಆಗಿತ್ತು. ಇಲಾಖೆಯ ನಕ್ಷೆಯ ಪ್ರಕಾರ ಊರು ನೀರಾವರಿಗೆ ಒಳಪಟ್ಟಿತ್ತು. ನೀರು ಮಾತ್ರ ಮೇಲಿನವರ ಹೊಲ ದಾಟಿ ಬರುತ್ತಿರಲಿಲ್ಲ.

ಸಮಾಜ ಪರಿವರ್ತನ ಕೇಂದ್ರ ಎಂಬ ಸಂಸ್ಥೆಯ ಬಾಪು ಉಪಾಧ್ಯೆ ಮತ್ತು ಭರತ್ ಕಾವಳೆ ರೈತರನ್ನು ಕೂರಿಸಿಕೊಂಡು ಮಾತಾಡಿದರು. 1990ರ ದಶಕದ ಆರಂಭದಲ್ಲಿ ಮಹಾತ್ಮಾ ಫುಲೆ, ಬಾಣಗಂಗಾ, ಜಯ ಯೋಗೇಶ್ವರ ಎಂಬ ಮೂರು ನೀರು ಬಳಕೆದಾರರ ಸಂಘಗಳು ಹುಟ್ಟಿದವು. ಇಲಾಖೆ ಸಂಘಕ್ಕೆ ಇಂತಿಷ್ಟು ನೀರು ಎಂದು ಅಳೆದು ಕೊಡಬೇಕು. ಅದನ್ನು ಹಂಚುವುದು, ಕರ ವಸೂಲಿ ಮಾಡುವುದು, ಕಾಲುವೆಯ ಹೂಳು ತೆಗೆಯುವುದು ಸಂಘದ ಕೆಲಸ. ಯಾವ ಬೆಳೆ ಇಡಬೇಕು ಎಂಬ ಅಪ್ಪಣೆ ಇನ್ನು ಮೇಲೆ ಕಚೇರಿಯಿಂದ ಬರುವುದಿಲ್ಲ. ಮೊದಲು ಎಕರೆ ಲೆಕ್ಕದಲ್ಲಿ ಕರ ಇದ್ದಾಗ ನೀರು ಉಳಿಸಿದವನಿಗೆ ಏನೂ ಸಿಗುತ್ತಿರಲಿಲ್ಲ. ಪ್ರಮಾಣದ ಲೆಕ್ಕ ಬಂದ ಮೇಲೆ ಅದೇ ನೀರಿನಲ್ಲಿ ಹೆಚ್ಚು ಬೆಳೆಯುವುದು ಲಾಭವಾಯಿತು. ಹನಿ ನೀರಾವರಿ ಬಂತು, ದ್ರಾಕ್ಷಿ ಬಂತು, ತರಕಾರಿ ಬಂತು.

ಇದಕ್ಕಿಂತ ಸ್ವಾರಸ್ಯದ ಸಂಗತಿ ಬಾವಿಗಳದ್ದು. ಸಂಘಗಳು ಸುತ್ತಲಿನ ಹಳ್ಳಗಳಿಗೆ ಒಡ್ಡು ಹಾಕಿ, ಮಳೆನೀರಿನ ಜೊತೆಗೆ ಕಾಲುವೆಯ ನೀರನ್ನೂ ತುಂಬಿಸಿದವು. ಪಕ್ಕದ ಬಾವಿಗಳಲ್ಲಿ ನೀರು ಏರಿತು. ಹಾಗೆ ಲಾಭ ಪಡೆದ ಬಾವಿಯ ಒಡೆಯರಿಂದಲೂ ಸಂಘ ಶುಲ್ಕ ಕೇಳಿತು. ‘ನನ್ನ ಜಮೀನು, ನನ್ನ ಬಾವಿ’ ಎಂಬ ಮಾತನ್ನು ಬದಿಗಿಟ್ಟು, ನೆಲದಡಿಯ ನೀರು ಎಲ್ಲರದು ಎಂದು ಒಪ್ಪಿಕೊಳ್ಳುವುದು ಸಣ್ಣ ವಿಷಯವಲ್ಲ. ಈ ಮೂರು ಸಂಘಗಳ ದಾರಿ ಹಿಡಿದು ವಾಘಾಡ್‌ನ ಅಚ್ಚುಕಟ್ಟಿನಲ್ಲಿ ಒಟ್ಟು 24 ಸಂಘಗಳಾದವು. ಅವೆಲ್ಲ ಸೇರಿ ಇಡೀ ಯೋಜನೆಯನ್ನು ನೋಡಿಕೊಳ್ಳುವ ಮಹಾಸಂಘವಾಯಿತು. 2005ರಲ್ಲಿ ಮಹಾರಾಷ್ಟ್ರ ರೈತರಿಂದಲೇ ನೀರಾವರಿ ನಿರ್ವಹಣೆಗೆ ಕಾನೂನು ಮಾಡಿದಾಗ ಕಾಲುವೆಯ ಕೊನೆಯಿಂದ ಮೊದಲಿಗೆ ನೀರು ಕೊಡುತ್ತ ಬರಬೇಕೆಂಬ ತತ್ವಕ್ಕೂ ಜಾಗ ಸಿಕ್ಕಿತು.

ಎಲ್ಲ ಸರಿಹೋಯಿತು ಎಂದಲ್ಲ. ದ್ರಾಕ್ಷಿ ಆರೈಕೆ ಬೇಡುವ ಬೆಳೆ. 2023ರ ನವೆಂಬರ್ ಕೊನೆಯಲ್ಲಿ ಓಝರ್ ಇರುವ ನಿಫಾಡ್ ತಾಲ್ಲೂಕಿನಲ್ಲಿ ಅಕಾಲಿಕ ಆಲಿಕಲ್ಲು ಮಳೆ ಬಿದ್ದಾಗ ತೋಟಗಳೇ ಹಾಳಾದವು. ಆಕಾಶದಿಂದ ಬೀಳುವುದನ್ನು ಯಾವ ಸಂಘವೂ ತಡೆಯಲಾರದು. ಬಿದ್ದ ನೀರನ್ನು ಏನು ಮಾಡಬೇಕು ಎಂಬುದಷ್ಟೇ ಅದರ ಕೈಯಲ್ಲಿರುವುದು.

ತಮಾಷೆಯೆಂದರೆ, ಗೋದಾವರಿ ಕಣಿವೆಯ ನಕ್ಷೆ ಹರಡಿದರೆ ಓಝರ್ ಕೊನೆಯಲ್ಲಿಲ್ಲ, ಮೇಲ್ಭಾಗದಲ್ಲಿದೆ. ಕೆಳಗೆ ಪೈಠಣದಲ್ಲಿ ಜಾಯಕವಾಡಿ ಅಣೆಕಟ್ಟು. ಛತ್ರಪತಿ ಸಂಭಾಜಿನಗರ ಕುಡಿಯುವುದು ಅದರ ನೀರನ್ನೇ. ಮಳೆ ಕೈಕೊಟ್ಟ ವರ್ಷ, ಅಕ್ಟೋಬರ್ ಮಧ್ಯದ ಹೊತ್ತಿಗೆ ಜಾಯಕವಾಡಿ ನಿಗದಿತ ಮಟ್ಟಕ್ಕೆ ತುಂಬದಿದ್ದರೆ ನಾಸಿಕ, ಅಹಿಲ್ಯಾನಗರ ಜಿಲ್ಲೆಗಳ ಅಣೆಕಟ್ಟುಗಳಿಂದ ನೀರು ಬಿಡಬೇಕು. 2023ರಲ್ಲಿ ಹಾಗೆ 8.6 ಟಿಎಂಸಿ ನೀರು ಬಿಡಲು ಆದೇಶವಾದಾಗ ಮೇಲಿನ ಜಿಲ್ಲೆಗಳಲ್ಲಿ ವಿರೋಧ ಎದ್ದಿತು. ಕಾಲುವೆಯ ಕೊನೆಯಲ್ಲಿದ್ದು ನ್ಯಾಯ ಕೇಳುವುದು ಒಂದು. ನದಿಯ ಮೇಲಿದ್ದುಕೊಂಡು ಅದೇ ನ್ಯಾಯ ಕೊಡುವುದು ಇನ್ನೊಂದು.

ಈಗ ಬೆಂಗಳೂರಿಗೆ ಬನ್ನಿ. ಕಾವೇರಿಯ ಮಟ್ಟಿಗೆ ಈ ನಗರ ಉದ್ದನೆಯ ಕೊಳವೆಯ ತುದಿಯಲ್ಲಿ ಕೂತಿದೆ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿ.ಮೀ. ದೂರ, ನಾನೂರು ಮೀಟರಿಗೂ ಹೆಚ್ಚು ಎತ್ತರಕ್ಕೆ ನೀರನ್ನು ಪಂಪ್ ಮಾಡಬೇಕು. ಹೀಗಾಗಿ ಇಲ್ಲಿ ನಲ್ಲಿ ತಿರುಗಿಸಿದರೆ ನೀರಿನ ಜೊತೆ ವಿದ್ಯುತ್ತೂ ಹರಿಯುತ್ತದೆ. ಒಂದು ಬಕೆಟ್ ಉಳಿಸಿದರೆ ಎರಡೂ ಉಳಿಯುತ್ತವೆ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5 ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಮಳೆ ಬಂತು, ದಂಡದ ಸುದ್ದಿ ಮರೆತುಹೋಯಿತು.

ನೀರು, ಪರಿಸರ ಎಂದೊಡನೆ ನಗರದ ಬಡಾವಣೆಗಳಿಗೆ ನೆನಪಾಗುವುದು ಜೂನ್ 5ರಂದು ಸಸಿ ನೆಡುವುದು, ಫೋಟೊ ತೆಗೆಸಿಕೊಳ್ಳುವುದು. ಅದು ಬೇಡವೆಂದಲ್ಲ. ಆದರೆ ನೆರೆಹೊರೆಯವರು ಸೇರಿ ಒಂದು ಅಳತೆಗೆ, ಒಂದು ದರಕ್ಕೆ ಒಪ್ಪಿಕೊಂಡ ಕಡೆಯೇ ಕೆಲಸ ಬಾಳಿಕೆ ಬಂದಿದೆ. ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆ ಅಂಥದ್ದು. ಕಾವೇರಿ ನೀರು ಇಲ್ಲದ ಕಾಲದಲ್ಲೇ ಅಲ್ಲಿನ ನಿವಾಸಿಗಳು ಖಾಸಗಿ ಕೊಳವೆಬಾವಿ ಕೊರೆಯಬಾರದು ಎಂದು ತೀರ್ಮಾನಿಸಿದರು. ಮನೆಮನೆಗೆ ಮೀಟರ್ ಬಂತು. ಬಳಕೆ ಏರಿದಂತೆ ದರವೂ ಏರುವ ಹಂತಗಳಾದವು. ಮಳೆನೀರು ಇಂಗಿಸಲು ಇಂಗುಬಾವಿಗಳಾದವು. ನೀರಿಗೆ ಇಷ್ಟೊಂದು ಬೆಲೆಯೇ ಎಂದು ಗೊಣಗುವವರು ಯಾವ ಬಡಾವಣೆಯಲ್ಲೂ ಇರುತ್ತಾರೆ. ಆದರೆ ತೋಟಕ್ಕೆ ಪೈಪ್ ಬಿಟ್ಟು ಮರೆಯುವ ಮನೆಯ ಖರ್ಚನ್ನು ಪಕ್ಕದ ಮನೆ ಹೊರುವುದು ಇಂಥ ಲೆಕ್ಕದಲ್ಲಿ ನಿಲ್ಲುತ್ತದೆ.

ಗೇಟು, ಕಾವಲುಗಾರ ಇರುವ ಬಡಾವಣೆಗೆ ಇದೆಲ್ಲ ಸುಲಭ, ಕೊಳೆಗೇರಿಯವರು ಏನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವರ ಮನೆಯಲ್ಲಿ ನೀರು ಯಾವತ್ತೂ ಅಳತೆಯಲ್ಲೇ ಇದೆ. ಕೊಡದ ಲೆಕ್ಕ ತಪ್ಪಿದ ದಿನವಿಲ್ಲ. ಲೆಕ್ಕ ಇಡದವರು ಸಂಪು, ಓವರ್‌ಹೆಡ್ ಟ್ಯಾಂಕು, ಸ್ವಂತ ಬೋರ್‌ವೆಲ್ ಇರುವವರು. ಒಂದೇ ಮೀಟರಿನ ಬಿಲ್ಲನ್ನು ಚದರಡಿಗೆ ಹಂಚಿಕೊಳ್ಳುವ ಅಪಾರ್ಟ್‌ಮೆಂಟ್‌ನಲ್ಲಿ ಇಬ್ಬರೇ ಇರುವ ಮನೆ ಐವರ ಮನೆಗಿಂತ ಹೆಚ್ಚು ಕಟ್ಟುವುದೂ ಉಂಟು. ಓಝರ್ ಬಿಟ್ಟುಬಿಟ್ಟ ಎಕರೆ ಲೆಕ್ಕ ಇದೇ ತಾನೆ?

2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ನಗರದ ಅಂಚಿನ 110 ಹಳ್ಳಿಗಳಿಗೆಂದು ದಿನಕ್ಕೆ 775 ದಶಲಕ್ಷ ಲೀಟರ್. ಸಂಪರ್ಕ ಪಡೆದ ಕಡೆ ಕೊಳವೆಬಾವಿಗಳಿಗೆ ಕೊಂಚ ಬಿಡುವು ಸಿಗಬಹುದು. ಮನೆಮನೆಗೆ ಮೀಟರ್ ಕೂರಿಸಲು, ಹಂತದ ದರ ಗೊತ್ತುಮಾಡಲು, ಟ್ಯಾಂಕರಿಗೆ ನೀರು ಮಾರುವ ಬಾವಿಯ ಒಡೆಯನನ್ನು ಕೂರಿಸಿ ಮಾತಾಡಲು ನಿವಾಸಿಗಳ ಸಂಘಗಳಿಗೆ ಇದೇ ಸಮಯ. 2024ರ ಮಾರ್ಚ್‌ನಂಥ ತಿಂಗಳು ಬರುವವರೆಗೆ ಕಾದು ಸಭೆ ಕರೆದರೆ, ನಾಳೆಗೆ ಎಷ್ಟು ಟ್ಯಾಂಕರ್ ಹೇಳಬೇಕು ಎಂಬುದರಲ್ಲೇ ಚರ್ಚೆ ಮುಗಿಯುತ್ತದೆ.